ಒಂದು ಊರು ಯಾಕೆ ಬೆಳೆಯಿತು? ಮಿಡಲ್ಸ್‌ಬರೋ ಲೆಕ್ಕ ಬಿಡಿಸುವ ಬಗೆ

ಇಂಗ್ಲೆಂಡಿನ ಈಶಾನ್ಯದಲ್ಲಿ, ಟೀಸ್ ನದಿಯ ದಂಡೆಯಲ್ಲಿರುವ ಮಿಡಲ್ಸ್‌ಬರೋದಲ್ಲಿ 1801ರಲ್ಲಿ ಇದ್ದವರು 25 ಜನ. 1901ರ ಹೊತ್ತಿಗೆ ಅದು 91,000 ದಾಟಿತ್ತು. ಇಂಥ ಊರಿನ ಚರಿತ್ರೆಯನ್ನು ಸ್ಥಾಪಕರ ಹೆಸರಿನಿಂದ ಶುರುಮಾಡುವುದು ರೂಢಿ. ಹಾಗೆ ಮಾಡಿದರೆ ಬೆಳವಣಿಗೆಯೆಲ್ಲ ಅವರ ಜಾಣ್ಮೆಯ ಖಾತೆಗೇ ಹೋಗುತ್ತದೆ. ಮೊದಲು ಅಂಕಿ ನೋಡಿ, ಆಮೇಲೆ ನಕ್ಷೆ, ಹೆಸರು ಕೊನೆಗೆ.

ಬ್ರಿಟನ್ನಿನ ಜನಗಣತಿ 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. ಯುದ್ಧದಿಂದಾಗಿ 1941ರದ್ದು ಮಾತ್ರ ಇಲ್ಲ. ‘ಎ ವಿಷನ್ ಆಫ್ ಬ್ರಿಟನ್ ಥ್ರೂ ಟೈಮ್’ ಜಾಲತಾಣದಲ್ಲಿ ಊರುವಾರು ಪಟ್ಟಿಗಳು ಉಚಿತವಾಗಿ ಸಿಗುತ್ತವೆ. ಬರೆದುಕೊಳ್ಳುವಾಗ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಗಡಿಯದ್ದು ಎಂದೂ ಗುರುತಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಟೌನ್‌ಶಿಪ್ (ಪ್ಯಾರಿಷ್‌ನ ಒಂದು ಭಾಗ), ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ), ಬರೋ (ಪುರಸಭೆಯ ವ್ಯಾಪ್ತಿ) ಮೂರೂ ಬೇರೆ ಬೇರೆ. 1968ರಲ್ಲಿ ಮಿಡಲ್ಸ್‌ಬರೋ ನೆರೆಯ ಊರುಗಳ ಜೊತೆ ಟೀಸ್‌ಸೈಡ್ ಎಂಬ ಹೊಸ ಬರೋದೊಳಗೆ ಸೇರಿತು, 1974ರಲ್ಲಿ ಮತ್ತೆ ಬೇರೆಯಾಯಿತು. ಗಡಿ ಗಮನಿಸದವರಿಗೆ ಊರು ಒಮ್ಮೆಲೇ ಉಬ್ಬಿ ಕುಗ್ಗಿದಂತೆ ಕಾಣುತ್ತದೆ.

ಈಗ ವಾರ್ಷಿಕ ದರ. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ, ಬಂದದ್ದರ ಹತ್ತನೇ ಮೂಲ (ಹತ್ತು ಸಲ ಗುಣಿಸಿಕೊಂಡರೆ ಆ ಸಂಖ್ಯೆ ಕೊಡುವಂಥದ್ದು) ತೆಗೆದು, 1 ಕಳೆದು, ಶೇಕಡಾಕ್ಕೆ 100ರಿಂದ ಗುಣಿಸಿ. 1831ರಲ್ಲಿ 154, 1841ರಲ್ಲಿ 5,463: ಶೂನ್ಯದ ಹತ್ತಿರದಿಂದ ಹೊರಟ ಈ ದಶಕದ ದರಕ್ಕೆ ಅರ್ಥವಿಲ್ಲ, ಬಿಟ್ಟುಬಿಡಿ. 1851ಕ್ಕೆ 7,631, ಅಂದರೆ ವರ್ಷಕ್ಕೆ ಸುಮಾರು ಶೇ 3.4. 1861ಕ್ಕೆ ಸುಮಾರು 19,000. ದರ ಶೇ 9.5ಕ್ಕೆ ಜಿಗಿಯುತ್ತದೆ. ದಶಕದ ಶೇಕಡಾವಾರನ್ನು ಸುಮ್ಮನೆ ಹತ್ತರಿಂದ ಭಾಗಿಸಿದ್ದರೆ ಶೇ 15ರಷ್ಟು ಬಂದು ದಾರಿ ತಪ್ಪಿಸುತ್ತಿತ್ತು. 1850ರ ಆಸುಪಾಸಿನಲ್ಲಿ ಏನಾಯಿತು ಎಂಬುದೇ ನಾವು ಹುಡುಕಬೇಕಾದ ಪ್ರಶ್ನೆ.

ಊರು ಹುಟ್ಟಿದ್ದು ಕಲ್ಲಿದ್ದಲಿನಿಂದ. ಕಲ್ಲಿದ್ದಲು ಸಾಗಿಸಲು 1825ರಲ್ಲಿ ಶುರುವಾದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುಮಾರ್ಗವನ್ನು, ಹಡಗುಗಳಿಗೆ ಹೆಚ್ಚು ಆಳದ ನೀರು ಸಿಗಲೆಂದು, 1830ರಲ್ಲಿ ನದಿಯ ಕೆಳಭಾಗಕ್ಕೆ ವಿಸ್ತರಿಸಿದರು. ಆ ರೈಲುಮಾರ್ಗದ ಮುಂದಾಳು ಜೋಸೆಫ್ ಪೀಸ್ ಮತ್ತು ಪಾಲುದಾರರು ಅಲ್ಲಿ ಸುಮಾರು 500 ಎಕರೆ ಕೊಂಡು ಊರಿನ ನಕ್ಷೆ ಹಾಕಿಸಿದ್ದರು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಜಾಲತಾಣದಲ್ಲಿರುವ ಆರ್ಡ್‌ನನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕ್ಷೆಗಳಲ್ಲಿ ಮೈಲಿಗೆ ಆರು ಇಂಚಿನವನ್ನು ತೆರೆಯಿರಿ. ನಡುವೆ ಮಾರುಕಟ್ಟೆ ಚೌಕ, ಸುತ್ತ ನೇರ ಬೀದಿಗಳು ಕಾಣುತ್ತವೆ. ನಂತರದ ಆವೃತ್ತಿಯ ಜೊತೆ ಹೋಲಿಸಿದರೆ ಕಬ್ಬಿಣದ ಕುಲುಮೆಗಳು ಎಲ್ಲೆಲ್ಲಿ ಎದ್ದವೆಂದು ತಿಳಿಯುತ್ತದೆ.

ಇಲ್ಲಿ ಸಾಗಣೆಯ ಲೆಕ್ಕ ಹಾಕಲೇಬೇಕು. ಬೊಲ್ಕೋ ಮತ್ತು ವಾನ್ ಎಂಬ ಪಾಲುದಾರ ಉದ್ಯಮಿಗಳು 1841ರಲ್ಲಿ ಮಿಡಲ್ಸ್‌ಬರೋದಲ್ಲಿ ಕಬ್ಬಿಣದ ಕಾರ್ಖಾನೆ ತೆರೆದರು. 1846ರಲ್ಲಿ ಊದುಕುಲುಮೆ (ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆ) ಕಟ್ಟಿದ್ದು ಮಾತ್ರ ಒಳನಾಡಿನ ವಿಟನ್ ಪಾರ್ಕ್‌ನಲ್ಲಿ, ಕಲ್ಲಿದ್ದಲಿನ ಪಕ್ಕ. ಕರಾವಳಿಯ ವಿಟ್ಬಿ ಕಡೆಯ ಅದಿರು ಮಿಡಲ್ಸ್‌ಬರೋ ದಾಟಿ ಅಲ್ಲಿಗೆ ಹೋಗಿ, ಕರಗಿ ಮತ್ತೆ ಮಿಡಲ್ಸ್‌ಬರೋಗೆ ಬರುತ್ತಿತ್ತು. 1850ರಲ್ಲಿ ವಾನ್ ಊರಿನ ಮಗ್ಗುಲಲ್ಲೇ, ಎಸ್ಟನ್ ಗುಡ್ಡದಲ್ಲಿ, ಅದಿರಿನ ಮುಖ್ಯ ಪದರ ಕಂಡ. ಆ ಅದಿರಿನಲ್ಲಿ ಕಬ್ಬಿಣ ಶೇ 30ರ ಸುಮಾರು. ಹಾಗಾಗಿ ಒಂದು ಟನ್ ಕಬ್ಬಿಣಕ್ಕೆ ಮೂರು ಟನ್‌ಗಿಂತ ಹೆಚ್ಚು ಅದಿರು ಬೇಕು. ಕಲ್ಲಿದ್ದಲಿನಿಂದ ಮಾಡುವ ಇಂಧನ ಕೋಕ್ ಅದಕ್ಕಿಂತ ಬಹಳ ಕಡಿಮೆ ಸಾಕು. ಅದಿರನ್ನು ಹೊರುವ ಬದಲು ಕೋಕನ್ನು ತರಿಸಿಕೊಳ್ಳುವುದೇ ಅಗ್ಗ. ಕುಲುಮೆಗಳು ಮಿಡಲ್ಸ್‌ಬರೋಗೆ ಬಂದವು, ಶೇ 9.5ಕ್ಕೆ ಉತ್ತರ ಸಿಕ್ಕಿತು.

ಈ ಅನುಕೂಲ ಯಾವಾಗ ಕುಂದಿತು ಎಂದೂ ಕೇಳಿ. ಈ ಅದಿರಿನಲ್ಲಿ ರಂಜಕ ಹೆಚ್ಚು. ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಉಕ್ಕು ಮಾಡುವ ಬೆಸೆಮರ್ ವಿಧಾನದಲ್ಲಿ ಅದು ಉಕ್ಕಿನಲ್ಲೇ ಉಳಿದು ಉಕ್ಕನ್ನು ಪೆಡಸಾಗಿಸುತ್ತಿತ್ತು. 1870ರ ದಶಕದಲ್ಲಿ ರೈಲು ಹಳಿಗಳು ಕಬ್ಬಿಣದಿಂದ ಉಕ್ಕಿಗೆ ಬದಲಾದಾಗ ಊರಿಗೆ ಬಲವಾದ ಪೆಟ್ಟು ಬಿತ್ತು. 1879ರಲ್ಲಿ ಥಾಮಸ್ ಮತ್ತು ಗಿಲ್‌ಕ್ರಿಸ್ಟ್ ಕ್ಷಾರೀಯ ಒಳಪದರದ ಕುಲುಮೆಯಿಂದ ರಂಜಕ ತೆಗೆಯುವ ವಿಧಾನವನ್ನು ಇಲ್ಲಿಯೇ ಮಾಡಿ ತೋರಿಸಿದರು.

ಬಂದವರು ಯಾರೆಂದು ತಿಳಿಯಲು ಮನೆಮನೆಯ ಗಣತಿ ಹಾಳೆ ನೋಡಿ. ಆದರೆ 1841ರ ಹಾಳೆಯಲ್ಲಿ ಹುಟ್ಟೂರಿಲ್ಲ, ಹುಟ್ಟಿದ್ದು ಅದೇ ಕೌಂಟಿಯಲ್ಲೇ (ಜಿಲ್ಲೆಯಂಥ ವಿಭಾಗ) ಅಲ್ಲವೇ, ಇಲ್ಲವೇ ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ವಿದೇಶದಲ್ಲೇ ಎಂಬುದಷ್ಟೇ ಇದೆ. 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ. ವಲಸೆಯ ಲೆಕ್ಕವನ್ನು 1851ರಿಂದ ಹಿಡಿಯಿರಿ. ಅದೇ ಹಾಳೆಯಲ್ಲಿ ಒಂದೊಂದು ಮನೆಯಲ್ಲಿ ಎಷ್ಟು ಜನರಿದ್ದರೆಂದೂ ಎಣಿಸಿ, ಮರಣ ದರದ ಪಕ್ಕದಲ್ಲಿಡಿ. ಜನ ಹೆಚ್ಚಿದ್ದನ್ನೇ ಏಳಿಗೆ ಎಂದು ಬರೆದುಬಿಟ್ಟರೆ, ಕುಲುಮೆಯ ಮುಂದೆ ದುಡಿದವರ ಬದುಕು ಲೆಕ್ಕಕ್ಕೇ ಬರುವುದಿಲ್ಲ.

ಕೊನೆಯದಾಗಿ, ಇದೇ ಪಟ್ಟಿಯನ್ನು ನದಿಯ ಮೇಲ್ಭಾಗದ ಹಳೆಯ ಊರು ಸ್ಟಾಕ್‌ಟನ್‌ಗೂ ಮಾಡಿ. ಒಂದೇ ದಶಕದಲ್ಲಿ ಎರಡೂ ಒಂದೇ ದರದಲ್ಲಿ ಏರಿದ್ದರೆ ಕಾರಣವನ್ನು ಇಡೀ ಟೀಸ್ ಕಣಿವೆಯಲ್ಲಿ ಹುಡುಕಬೇಕು. ದರದಲ್ಲಿ ವ್ಯತ್ಯಾಸ ಇರುವಷ್ಟನ್ನು ಮಾತ್ರ ಮಿಡಲ್ಸ್‌ಬರೋದ ಜಾಗಕ್ಕೆ, ಅದರ ಸ್ಥಾಪಕರಿಗೆ ಕೊಡಿ.