ಕಡ್ಡಾಯವಾಗಬೇಕಾದದ್ದು ಗಾಡಿ, ರಿಜಿಸ್ಟರ್ ಅಲ್ಲ

ಶಾಲೆಗಳಲ್ಲಿ ಕಸ ವಿಂಗಡಣೆ, ಮರುಬಳಕೆ ಕಡ್ಡಾಯವಾಗಬೇಕು ಎಂಬ ಮಾತು ಬಂದರೆ ಸಾಕು, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ನಮ್ಮ ಕ್ಲಸ್ಟರ್ ಸಭೆಯಲ್ಲಿ ‘ಇನ್ನೊಂದು ರಿಜಿಸ್ಟರ್ ಬಂತು’ ಎಂದು ನಗು ಏಳುತ್ತದೆ. ‘ಪಾಠ ಬಿಟ್ಟು ಗುಜರಿ ವ್ಯಾಪಾರಕ್ಕೆ ಇಳಿದಿರಾ ಮೇಷ್ಟ್ರೇ?’ ಎಂದು ನನ್ನನ್ನು ಕೆಣಕಿದವರೇ ಈಗ ಫೋನ್ ಮಾಡಿ ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾನಿಗಳಿಂದ ಕಸ ವಿಂಗಡಿಸಲು ಬಣ್ಣಬಣ್ಣದ ಡಬ್ಬಿಗಳು ಬಂದವು. ಬೆಲೆ ನಾಲ್ಕು ಸಾವಿರದ ಆಸುಪಾಸು. ಎರಡೇ ತಿಂಗಳಲ್ಲಿ ಒಂದು ಶೌಚಾಲಯದ ನೀರಿಗೆ ಹೋಯಿತು, ಇನ್ನೊಂದು ಅಡುಗೆಮನೆ ಸೇರಿತು. ಈಗ ಕಿಟಕಿ ಸರಳಿಗೆ ಕಟ್ಟಿದ ಖಾಲಿ ಸಿಮೆಂಟ್ ಚೀಲಗಳಲ್ಲೇ ಕೆಲಸ ಸಾಗುತ್ತಿದೆ. ಅವನ್ನು ಯಾರೂ ಹೊತ್ತೊಯ್ಯುವುದಿಲ್ಲ.

ಗೊಬ್ಬರದ ಗುಂಡಿಯಂತೂ ಮಾನ ಕಳೆಯಿತು. ಬಿಸಿಯೂಟದಲ್ಲಿ ಮಿಕ್ಕ ಅನ್ನ, ಸಾಂಬಾರು ಬಿದ್ದು ವಾರದೊಳಗೆ ನಾತ, ಹುಳು, ಬೀದಿನಾಯಿಗಳ ಕಾಟ. ಮಳೆ ಬಂದ ಮೇಲೆ ಕೇಳುವುದೇ ಬೇಡ. ಅನ್ನ ಈಗ ಪಕ್ಕದ ಮನೆಯ ಹಸುವಿಗೆ ಹೋಗುತ್ತದೆ, ಬದಲಿಗೆ ಸಗಣಿ ಬರುತ್ತದೆ. ನೆಲದ ಮೇಲೆಯೇ ಸಂದು ಬಿಟ್ಟು ಇಟ್ಟಿಗೆ ಜೋಡಿಸಿ, ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಪುಡಿಮಾಡಿದ ಮೊಟ್ಟೆಚಿಪ್ಪು, ಅದರ ಮೂರು ಪಟ್ಟು ಒಣಗಿದ ಹೊಂಗೆ ಎಲೆ ಹಾಕುತ್ತೇವೆ. ಇದಕ್ಕೆ ಮಜ್ಜಿಗೆ, ಬೆಲ್ಲದ ಜೊತೆ ನಾನು ಬೆರೆಸುವ ಮತ್ತೊಂದು ವಸ್ತುವನ್ನು ಇಲ್ಲಿ ಹೇಳುವುದಿಲ್ಲ. ಬೇಕಾದವರು ಬಂದು ನೋಡಲಿ.

ದುಡ್ಡಿರುವುದು ಕಾಗದದಲ್ಲಿ. ಹೊಳಪಿನ ರಟ್ಟು ಸಹಿತ ಕೊಟ್ಟರೆ ನೋಟ್‌ಬುಕ್ಕಿಗೆ ಗುಜರಿಯವನು ಕಿಲೋಗೆ ಏಳೆಂಟು ರೂಪಾಯಿ ಎನ್ನುತ್ತಿದ್ದ. ರಟ್ಟು, ಪಿನ್ನು ಕಿತ್ತು ಬಿಳಿ ಹಾಳೆ ಬೇರೆ ಮಾಡಿದ ಮೇಲೆ ಹನ್ನೆರಡರ ಹತ್ತಿರ ಬಂತು. ಏಪ್ರಿಲ್‌ನಲ್ಲಿ ಒಟ್ಟಿಗೆ ಮಾರುವುದು ಲೇಸು; ಕಡಿಮೆ ಮಾಲಿಗೆ ಅವನು ಹಳ್ಳಿಗೆ ಬರುವುದೇ ಇಲ್ಲ. ಕಳೆದ ವರ್ಷ ಖರ್ಚು ಕಳೆದು ಐದಾರು ಸಾವಿರ ಉಳಿಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿಯಲ್ಲಿ ಬರೆಸಿ ಆಟದ ಸಾಮಾನು ತಂದೆವು.

ಕ್ಷೀರಭಾಗ್ಯದ ಹಾಲಿನ ಪುಡಿ ಪ್ಯಾಕೆಟ್‌ಗಳನ್ನು ಹಾಗೇ ಕಟ್ಟಿಟ್ಟರೆ ಇರುವೆ ಮುತ್ತಿ ಕಮಟು ಹಿಡಿಯುತ್ತದೆ. ಅಡುಗೆಯ ಅಕ್ಕ ಒಂದು ಬದಿ ಪೂರ್ತಿ ಸೀಳಿ, ಪಾತ್ರೆ ತೊಳೆದ ನೀರಲ್ಲೇ ಜಾಲಿಸಿ ಹಗ್ಗಕ್ಕೆ ನೇತುಹಾಕುತ್ತಾರೆ. ಈ ಉಪಾಯ ಅವರದೇ.

ನಡುವೆ ಹಳೆಯ ಉತ್ತರಪತ್ರಿಕೆ ನೆನೆಸಿ, ಮನೆಯ ಮಿಕ್ಸಿಯಲ್ಲಿ ರುಬ್ಬಿ ಕಾಗದ ಮಾಡಲು ಹೋದೆ. ಹಾಳೆ ಸುರುಟಿಕೊಂಡಿತು, ಶಾಯಿ ಹರಡಿತು, ಮಿಕ್ಸಿ ಕೆಟ್ಟು ಮನೆಯಲ್ಲಿ ಮಂಗಳಾರತಿಯಾಯಿತು. ಅದೇ ಮುದ್ದೆಯನ್ನು ಲೋಟದ ಸುತ್ತ ಒತ್ತಿ ಒಣಗಿಸಿದ ಬಟ್ಟಲುಗಳಲ್ಲಿ ಮೆಣಸಿನ ಸಸಿ ಮಾತ್ರ ಚೆನ್ನಾಗಿ ಬಂದವು.

ಕಡ್ಡಾಯದ ಮಾತೇ ಆದರೆ, ಕಸ ಮಾಡುವವರೆಲ್ಲ ವಿಂಗಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಮಕ್ಕಳು ವಿಂಗಡಿಸುತ್ತಾರೆ, ಒಯ್ಯುವವರು ಬೇಡವೇ? ಪಂಚಾಯಿತಿ ಗಾಡಿ ಗೊತ್ತಾದ ದಿನ ಶಾಲೆಗೆ ಬರುವುದನ್ನು ಕಡ್ಡಾಯ ಮಾಡಲಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ. ನಾನು ತಿಂಗಳುಗಟ್ಟಲೆ ಬೆನ್ನುಬಿದ್ದ ಮೇಲೆ ನಮ್ಮಲ್ಲಿಗೆ ಶನಿವಾರ ಬರುತ್ತಿದೆ. ಚಿಕ್ಕಿ, ಕುರುಕಲು ತಿಂಡಿಯ ಹೊಳೆಯುವ ಹೊದಿಕೆಗಳನ್ನು ಮಾತ್ರ ಗಾಡಿಯವರೂ ಮುಟ್ಟುವುದಿಲ್ಲ. ಕೆಲವು ಚೀಲ ತುಂಬಿ ದಾಸ್ತಾನು ಕೋಣೆಯಲ್ಲಿವೆ. ಒಯ್ಯುವವರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಬಾಡಿಗೆ ನಾನೇ ಕೊಡುತ್ತೇನೆ.