ತೋಟದ ಮನೆಗೆ ಸ್ವಯಂಚಾಲಿತ ಮಳೆಮಾಪಕ ಕಟ್ಟಿಕೊಳ್ಳುವ ಬಗೆ

ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಮಳೆ ಬಂದ ಮರುದಿನ ಬೆಳಿಗ್ಗೆ ಫೋನ್‌ನಲ್ಲಿ ಮೊದಲು ಕೇಳುವ ಮಾತು ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯಿತು?’ ಎಂಬುದು. ಇಂಚಿನ ನೂರನೆಯ ಒಂದು ಭಾಗವೇ ಸೆಂಟ್. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ಮನೆಯ ಹಿರಿಯರು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಅನೇಕ ಮನೆಗಳಲ್ಲಿದೆ. ಊರಿನಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಈ ಲೆಕ್ಕವನ್ನು ಯಂತ್ರದ ನೆರವಿನಿಂದ ಮುಂದುವರಿಸುವುದು ಬಹಳ ಒಳ್ಳೆಯ ಹವ್ಯಾಸವೆಂದು ನಾನು ನಂಬಿದ್ದೇನೆ. ಮೀಟಿಂಗ್ ನಡುವೆ ಕರೆಂಟ್ ಹೋಗುವುದು, ಮರ ಬಿದ್ದು ಇಂಟರ್ನೆಟ್ ಕೇಬಲ್ ಕಡಿಯುವುದು, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಬೇಕಾಗುವುದು ಮುಂತಾಗಿ ಕಚೇರಿಯ ಕೆಲಸವನ್ನು ನಿತ್ಯ ಕಾಡುವ ತೊಂದರೆಗಳೆಲ್ಲ ಇಲ್ಲಿಯೂ ಎದುರಾಗುತ್ತವೆ. ಆದರೆ ಇಲ್ಲಿ ಅವುಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಉಪಕರಣವನ್ನು ಕಟ್ಟುವ ಸ್ವಾತಂತ್ರ್ಯ ನಮ್ಮದೇ ಆಗಿರುತ್ತದೆ.

ಕೈಯಿಂದ ಅಳೆಯುವ ಮಾಪಕ ಒಟ್ಟು ಮಳೆಯನ್ನು ಸರಿಯಾಗಿ ಹೇಳುತ್ತದೆ, ಯಾವ ಹೊತ್ತಿನಲ್ಲಿ ಎಷ್ಟು ಬಿತ್ತೆಂದು ಹೇಳುವುದಿಲ್ಲ. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ ದಿನ ಮಳೆ ಸಂಜೆ ಬಂದಿತೋ ನಡುರಾತ್ರಿ ಬಂದಿತೋ ಎಂಬುದು ಮುಖ್ಯವಾಗುತ್ತದೆ. ಹಾಗೆಯೇ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಸಾಲದಷ್ಟು ಬಿದ್ದಾಗ, ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕೇ ಎಂದು ತಡಮಾಡದೆ ತೀರ್ಮಾನಿಸಬೇಕಾಗುತ್ತದೆ. ಈ ಉಪಯೋಗಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಆಯ್ಕೆಯೂ ಸುಲಭವಾಗುತ್ತದೆ.

ಸ್ವಯಂಚಾಲಿತ ಮಾಪಕದ ಒಳಗಿರುವುದು ಆಲಿಕೆ ಮತ್ತು ಅದರ ಕೆಳಗೆ ಏತಪಾತದಂತೆ ಆಡುವ ಎರಡು ಪುಟ್ಟ ಬಟ್ಟಲುಗಳು. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬಂದು ತುಂಬತೊಡಗುತ್ತದೆ. ಪ್ರತಿ ಸಲ ವಾಲುವಾಗ ಅದಕ್ಕೆ ಅಂಟಿಸಿದ ಅಯಸ್ಕಾಂತವು, ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚಿಕೊಳ್ಳುವ ರೀಡ್ ಸ್ವಿಚ್ಚಿನ ಎದುರು ಹಾದುಹೋಗಿ ಒಂದು ಸಂಕೇತ ಕೊಡುತ್ತದೆ. ಸಿದ್ಧ ಮಾಪಕಗಳು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಆಲಿಕೆಯ ಬಾಯಿ ದೊಡ್ಡದಿರುವುದನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಬಾಯಿ ಚಿಕ್ಕದಾದಷ್ಟೂ ಕೆಲವೇ ಹನಿಗಳ ವ್ಯತ್ಯಾಸ ದೊಡ್ಡ ತಪ್ಪಾಗಿ ಕಾಣುತ್ತದೆ.

ಮಾಪಕವನ್ನು ಎಲ್ಲಿ ಇಡುತ್ತೇವೆ ಎಂಬುದು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ವಿಷಯ. ಹತ್ತಿರದ ಮರವಾಗಲಿ ಮನೆಯಾಗಲಿ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕವಿರಬೇಕು. ಸಿಲ್ವರ್ ಓಕ್ ಮರಗಳ ನಡುವೆ ಇಂತಹ ಜಾಗ ಸಿಗುವುದು ಕಷ್ಟ. ಹಾಗಾಗಿ ಕಾಫಿ ಒಣಗಿಸುವ ಕಣದ ಅಂಚೇ ಹೆಚ್ಚಿನ ತೋಟಗಳಲ್ಲಿ ಸರಿಯಾದ ಸ್ಥಳ. ತಾರಸಿಯ ಮೇಲೆ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುವುದರಿಂದ ಅಳತೆ ಕಡಿಮೆ ಬರುತ್ತದೆ. ಆಲಿಕೆಯ ಅಂಚು ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲಿರಲಿ, ಸುತ್ತ ಹುಲ್ಲಿರಲಿ, ಸಿಮೆಂಟ್ ನೆಲವಾದರೆ ಹನಿ ಚಿಮ್ಮಿ ಒಳಗೆ ಬೀಳುತ್ತದೆ. ಬುಡವನ್ನು ರಸಮಟ್ಟ ಹಿಡಿದು ಕೂರಿಸಬೇಕು. ಸ್ವಲ್ಪ ಓರೆಯಾದರೂ ಎರಡು ಬಟ್ಟಲುಗಳು ಸಮನಾಗಿ ತುಂಬುವುದಿಲ್ಲ.

ಕೂರಿಸಿದ ಮೇಲೆ ತಾಳೆ ನೋಡಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ಹಾಗೆಯೇ ನಂಬುವುದು ಸರಿಯಲ್ಲ. ಆಲಿಕೆಯ ಬಾಯಿಯ ವ್ಯಾಸ 16 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಆಗುತ್ತದೆ. ಆಗ 1 ಮಿಲಿಮೀಟರ್ ಮಳೆಯೆಂದರೆ 20 ಮಿಲಿಲೀಟರ್ ನೀರು. ಒಂದು ಲೀಟರ್ ನೀರನ್ನು ತಳದಲ್ಲಿ ಸೂಜಿಯಷ್ಟು ತೂತು ಮಾಡಿದ ಬಾಟಲಿಯಿಂದ ಸುಮಾರು ಒಂದು ಗಂಟೆಯ ಕಾಲ ಹನಿಹನಿಯಾಗಿ ಬಿಟ್ಟರೆ ಅದು 50 ಮಿಲಿಮೀಟರ್ ಮಳೆಗೆ ಸಮ. ಪ್ರತಿ 0.2 ಮಿಲಿಮೀಟರ್ ಮಳೆಗೆ ಒಮ್ಮೆ ವಾಲುವ ಬಟ್ಟಲಾದರೆ ಅದು 250 ಸಲ ವಾಲಬೇಕು. ಕಡಿಮೆ ಬಂದರೂ ಹೆಚ್ಚು ಬಂದರೂ ಬಂದ ಎಣಿಕೆಯಿಂದ 50ನ್ನು ಭಾಗಿಸಿದರೆ ನಿಮ್ಮ ಮಾಪಕದ ನಿಜವಾದ ಅಳತೆ ದೊರೆಯುತ್ತದೆ. ನಂತರ ಅದೇ ನೀರನ್ನು ಕಾಲು ಗಂಟೆಯಲ್ಲಿ ಬಿಟ್ಟು ನೋಡಿ. ಬಟ್ಟಲು ವಾಲುತ್ತಿರುವ ಕ್ಷಣದಲ್ಲಿ ಬೀಳುವ ನೀರು ಎಣಿಕೆಗೆ ಸಿಗದ ಕಾರಣ ಜಡಿಮಳೆಯಲ್ಲಿ ಇಂತಹ ಮಾಪಕಗಳು ಕಡಿಮೆ ತೋರಿಸುತ್ತವೆ. ಮಳೆ ವಿಪರೀತ ಸುರಿಯುವ ಕೊಟ್ಟಿಗೆಹಾರದಂತಹ ಕಡೆ ಈ ಕೊರತೆಯನ್ನು ತಿಳಿದಿರುವುದು ಅಗತ್ಯ.

ಎಣಿಸುವ ಕೆಲಸಕ್ಕೆ ವೈಫೈ ಇರುವ ಪುಟ್ಟ ಕಂಪ್ಯೂಟರಿನಂತಹ ಇಎಸ್‌ಪಿ32 ಬೋರ್ಡ್ ಸಾಕು. ರೀಡ್ ಸ್ವಿಚ್ ಒಮ್ಮೆ ಮುಚ್ಚುವಾಗ ಕೆಲವು ಮಿಲಿಸೆಕೆಂಡ್ ಅದುರುವುದರಿಂದ ಒಂದೇ ವಾಲುವಿಕೆ ಹಲವಾಗಿ ಎಣಿಕೆಯಾಗಬಹುದು. ಗಂಟೆಗೆ 200 ಮಿಲಿಮೀಟರ್ ಸುರಿದರೂ ಎರಡು ವಾಲುವಿಕೆಗಳ ನಡುವೆ ಮೂರೂವರೆ ಸೆಕೆಂಡಿಗಿಂತ ಹೆಚ್ಚು ಅಂತರವಿರುತ್ತದೆ, ಆದ್ದರಿಂದ ಒಂದು ಸಂಕೇತದ ನಂತರದ ಅರ್ಧ ಸೆಕೆಂಡಿನಲ್ಲಿ ಬರುವ ಇತರ ಸಂಕೇತಗಳನ್ನು ಧೈರ್ಯವಾಗಿ ಬಿಟ್ಟುಬಿಡಬಹುದು. ಉಳಿದ ಸಮಯವೆಲ್ಲ ಬೋರ್ಡ್ ಬಹಳ ಕಡಿಮೆ ವಿದ್ಯುತ್ ಬಳಸುವ ಡೀಪ್ ಸ್ಲೀಪ್‌ನಲ್ಲಿದ್ದು, ಸಂಕೇತ ಬಂದಾಗ ಮಾತ್ರ ಎದ್ದು, ಡಿಎಸ್3231 ಗಡಿಯಾರದಿಂದ ಸಮಯ ಓದಿ, ಮೆಮೊರಿ ಕಾರ್ಡಿಗೆ ಬರೆದು ಮತ್ತೆ ಮಲಗಲಿ. ಮಿಲಿಮೀಟರ್ ಲೆಕ್ಕವನ್ನು ಬರೆಯದೆ ಪ್ರತಿ ವಾಲುವಿಕೆಯ ಸಮಯವನ್ನಷ್ಟೇ ಬರೆದಿಟ್ಟರೆ, ಮುಂದೆ ತಾಳೆಯಲ್ಲಿ ತಿದ್ದುಪಡಿ ಬಂದಾಗ ಹಳೆಯ ಲೆಕ್ಕವನ್ನೂ ಸರಿಪಡಿಸಬಹುದು.

ವಿದ್ಯುತ್ತಿಗೆ ಮನೆಯ ಲೈನ್ ಬೇಡವೆಂಬುದು ನನ್ನ ದೃಢವಾದ ಸಲಹೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಲೈನಿನಲ್ಲಿ ನುಗ್ಗಿ ಬರುವ ಹೊಡೆತ ರೂಟರನ್ನು ಸುಡುವಂತೆಯೇ ಇದನ್ನೂ ಸುಡಬಲ್ಲದು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ 18650 ಲಿಥಿಯಂ ಬ್ಯಾಟರಿಯಿಂದ ನಡೆಸಿ, ಮಾಪಕಕ್ಕೂ ಬೋರ್ಡಿಗೂ ನಡುವಿನ ತಂತಿಯನ್ನು ಚಿಕ್ಕದಾಗಿಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದಿರುವುದರಿಂದ ಸೋಲಾರ್ ಫಲಕವನ್ನು ನೆಚ್ಚಿಕೊಳ್ಳದೆ ಬದಲಿ ಬ್ಯಾಟರಿಯೊಂದನ್ನು ಚಾರ್ಜ್ ಮಾಡಿಟ್ಟುಕೊಳ್ಳಬೇಕು. ಕಣದವರೆಗೆ ವೈಫೈ ಸಿಗದಿದ್ದರೆ 865–867 ಮೆಗಾಹರ್ಟ್ಸ್‌ನ ಲೋರಾ ಎಂಬ ದೂರಗಾಮಿ ರೇಡಿಯೊ ಮಾಡ್ಯೂಲ್ ಬಳಸಬಹುದು, ಆದರೆ ಕಾರ್ಡಿನಲ್ಲಿರುವ ದಾಖಲೆಯೇ ಮೂಲ, ಫೋನಿಗೆ ಬರುವುದು ಅದರ ಪ್ರತಿ ಎಂಬ ಕ್ರಮ ತಪ್ಪಬಾರದು.

ದಿನದ ಮೊತ್ತವನ್ನು ಮಧ್ಯರಾತ್ರಿಯಿಂದ ಎಣಿಸಬೇಡಿ. ಹವಾಮಾನ ಇಲಾಖೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನ ಮಳೆಯನ್ನು ಒಂದು ದಿನದ ಲೆಕ್ಕವಾಗಿ ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಗಾಜಿಗೆ ಸುರಿಯುವ ಹೊತ್ತು ಬೇರೆಯಿದ್ದರೆ ಪ್ರೋಗ್ರಾಮಿನಲ್ಲಿ ಆ ಹೊತ್ತನ್ನೇ ಹಾಕಿ, ಇಲ್ಲವಾದರೆ ಪುಸ್ತಕಕ್ಕೂ ಯಂತ್ರಕ್ಕೂ ಎಂದೂ ಹೊಂದಿಕೆಯಾಗದು. ಫೋನಿನಲ್ಲಿ ಮಿಲಿಮೀಟರನ್ನು 25.4ರಿಂದ ಭಾಗಿಸಿ ಇಂಚು ಮತ್ತು ಸೆಂಟ್ಸ್‌ನಲ್ಲಿಯೇ ತೋರಿಸಬೇಕು, ಏಕೆಂದರೆ ತೋಟದಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯೋಚಿಸುವುದು ಆ ಅಳತೆಯಲ್ಲಿ.

ಹಳೆಯ ಮಾಪಕವನ್ನು ತೆಗೆಯದೆ ಎರಡನ್ನೂ ಅಕ್ಕಪಕ್ಕದಲ್ಲಿಯೇ ಉಳಿಸಿಕೊಳ್ಳಿ. ಗಾಜಿನ ಅಳತೆಗಿಂತ ಯಂತ್ರದ ಲೆಕ್ಕ ಇದ್ದಕ್ಕಿದ್ದಂತೆ ಕಡಿಮೆಯಾದರೆ ಆಲಿಕೆಯ ತೂತಿನಲ್ಲಿ ಎಲೆಯೋ ಜೇಡರ ಬಲೆಯೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಬಟ್ಟಲಿನ ಕೀಲಿಗೆ ಇರುವೆ ಮಣ್ಣು ತುಂಬಿರುತ್ತದೆ. ಹೂ ಮಳೆಗೆ ಮುಂಚೆ ಒಮ್ಮೆ, ಮೃಗಶಿರಾ ಮಳೆಗೆ ಮುಂಚೆ ಇನ್ನೊಮ್ಮೆ ಪೂರ್ತಿ ಬಿಚ್ಚಿ ತೊಳೆದು, ರಸಮಟ್ಟ ಹಿಡಿದು, ಒಂದು ಲೀಟರ್ ನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ, ಬಂದ ಎಣಿಕೆಯನ್ನು ದಿನಾಂಕದೊಡನೆ ಮನೆಯ ಮಳೆ ಪುಸ್ತಕದಲ್ಲಿಯೇ ಬರೆದಿಡಿ.