ಧಾರವಾಡದ ಜಿಟಿಜಿಟಿ ಮಳೆಯಲ್ಲೂ ಟೇಬಲ್ ಓಡಿತು

ಮಳೆಗಾಲದಲ್ಲಿ ಧಾರವಾಡದ ಸ್ನೂಕರ್ ಟೇಬಲ್ ಸ್ಲೋ ಆಗೋದು ಹಣೆಬರಹ ಅಂತ ಹುಬ್ಬಳ್ಳಿಯ ಗೆಳೆಯರು ನಗುತ್ತಿದ್ದರು. "ಟೇಬಲ್ ಕೆಳಗ ಬಲ್ಬ್ ಹಚ್ಚಿ ಕೋಳಿಮರಿ ಸಾಕ್ತೀಯೇನಪಾ?" ಅಂದವರೇ ಈ ಸಲ ಬಂದು, ಬಗ್ಗಿ ನೋಡಿ, ಫೋಟೊ ಹೊಡ್ಕೊಂಡು ಹೋದರು.

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಹಾಲ್‌ನ ತೇವಾಂಶದ ಮೀಟರ್ 85ರ ಕೆಳಗೆ ಇಳಿಯುವುದೇ ಇಲ್ಲ. ಟೇಬಲ್ ಮೇಲಿನ ಉಣ್ಣೆ ಬಟ್ಟೆ ತೇವ ಕುಡಿಯದೆ ಇರುತ್ತಾ? ಬಾಲ್ ಅರ್ಧಕ್ಕೇ ಸುಸ್ತಾಗುತ್ತದೆ. ಅಂಚಿನ ರಬ್ಬರ್ ಕುಶನ್‌ನಲ್ಲಿ ಸೈಡ್ (ಬಾಲ್‌ಗೆ ಕೊಟ್ಟ ಪಕ್ಕದ ಸುತ್ತು) ಜಾಸ್ತಿ ಹಿಡಿಯುತ್ತದೆ. ಕಿಕ್ ಬಂದು, ಅಂದ್ರೆ ಬಾಲ್‌ಗೆ ಬಾಲ್ ತಾಗುವಾಗ ಜಿಗಿದಂತಾಗಿ, ಸಲೀಸಾಗಿ ಕುಳಿಗೆ ಬೀಳಬೇಕಾದ ಪಾಟ್ ಕೂಡ ತಪ್ಪುತ್ತದೆ. ಬೈಸಿಕೊಳ್ಳೋದು ಮಾತ್ರ ನಾವು.

ಮೊದಲು ದಿನವಿಡೀ ಏಸಿ ಓಡಿಸಿದೆ. ಕರೆಂಟ್ ಬಿಲ್ ತಿಂಗಳಿಗೆ 7-8 ಸಾವಿರ ಜಾಸ್ತಿ ಬಂತು. ರಾತ್ರಿ ಏಸಿ ಆರಿಸಿದರೆ ಬಟ್ಟೆ ಕೆಳಗಿನ ತಣ್ಣಗಾದ ಸ್ಲೇಟ್ ಕಲ್ಲಿನ ಮೇಲೆ ಹಸಿ ಗಾಳಿ ಕೂತು, ಬೆಳಿಗ್ಗೆ ಬಟ್ಟೆ ಮತ್ತೆ ಮೆತ್ತಗೆ. ರೂಮ್ ಹೀಟರ್ ಇಟ್ಟೆ. ಆಡುವವರು ಬೆವರಿದರು, ಸ್ಲೇಟ್ ಜಪ್ಪಯ್ಯ ಅನ್ನಲಿಲ್ಲ. ಟೇಬಲ್ ಬಟ್ಟೆಗೆ ಇಸ್ತ್ರಿ ಎಲ್ಲರೂ ಮಾಡ್ತೀರಿ, ನಾನೂ ಮಾಡ್ತೀನಿ. ಆ ಮಳೆಯಲ್ಲಿ ಅದು ಮೂರ್ನಾಲ್ಕು ಫ್ರೇಮ್‌ಗೆ (ಆಟಕ್ಕೆ) ಸಾಕು, ಅಷ್ಟೇ. ದಿನಕ್ಕೆರಡು ಸಲ ತಿಕ್ಕಿ ತಿಕ್ಕಿ ಬಟ್ಟೆಯೇ ಸವೆಯಿತು. ಬದಲಿಸೋಕೆ ಮಜೂರಿ ಸೇರಿ 40 ಸಾವಿರದ ಹತ್ತಿರ ಹೋಯಿತು.

ದೊಡ್ಡ ಟೂರ್ನಿಗಳಲ್ಲಿ ಸ್ಲೇಟ್ ಕೆಳಗೇ ಹೀಟರ್ ಇರುತ್ತೆ ಅಲ್ವಾ? ಅದರ ರೇಟ್ ನಮ್ಮಂಥವರಿಗಲ್ಲ. 60 ವಾಟ್‌ನ ಹಳೇ ತಂತಿ ಬಲ್ಬ್ ಎಂಟು ತಂದು ಕೆಳಗೆ ಕಟ್ಟಿದೆ. ಬಲ್ಬ್ ಇದ್ದಲ್ಲಿ ಮಾತ್ರ ಸ್ಲೇಟ್ ಕಾದು, ಒಂದೇ ಟೇಬಲ್ ಮೇಲೆ ಎರಡು ಥರ ಓಟ! ಬಲ್ಬ್‌ಗೂ ಸ್ಲೇಟ್‌ಗೂ ನಡುವೆ ತಗಡು ಕೊಟ್ಟ ಮೇಲೆ ಕಾವು ಹರಡಿತು. ಕಟ್ಟಿಗೆಯಿಂದ ಗೇಣು ದೂರ ಬಿಡಿ, ಹೋಲ್ಡರ್ ಪಿಂಗಾಣಿಯದೇ ಇರಲಿ. ಐದು ಸ್ಲೇಟ್‌ಗೆ ಎಂಟು ಬಲ್ಬ್ ಹೇಗೆ ಹಂಚಿದೆ ಅಂತ ಕೇಳಬೇಡಿ, ಅದು ನನ್ನ ಹತ್ತಿರಾನೇ ಇರಲಿ.

ರಾತ್ರಿ ಹಚ್ಚಿ ಬೆಳಿಗ್ಗೆ ಆರಿಸುತ್ತೇವೆ, ಕೆಲಸದ ಹುಡುಗ ಅಲ್ಲೇ ಮಲಗುತ್ತಾನೆ. ದಿನಕ್ಕೆ 5 ಯೂನಿಟ್ ಸುಡಬಹುದು. ಎಲ್ಲಾ ಸೇರಿ ಎರಡೂವರೆ ಸಾವಿರದಲ್ಲಿ ಕೆಲಸ ಮುಗಿಯಿತು.

ನಂಬದವರಿಗಾಗಿ ಪಿವಿಸಿ ಪೈಪ್ ಉದ್ದಕ್ಕೆ ಸೀಳಿ, ಟೇಬಲ್‌ನ ಕೆಳತುದಿಯ ಬ್ರೌನ್ ಸ್ಪಾಟ್ (ಕಂದು ಬಾಲ್ ಇಡುವ ಗುರುತು) ಹತ್ತಿರ ಇಳಿಜಾರು ಇಟ್ಟು ಬಾಲ್ ಬಿಟ್ಟೆ. ಮುಂಚೆ ಮೇಲಿನ ಕುಶನ್‌ಗೆ ಬಡಿದು ಪಿಂಕ್ ಸ್ಪಾಟ್‌ವರೆಗೂ ವಾಪಸ್ ಬರುತ್ತಿರಲಿಲ್ಲ. ಈಗ ಪಿಂಕ್ ದಾಟಿ ಟೇಬಲ್ ನಡುಮಧ್ಯದ ಬ್ಲೂ ಸ್ಪಾಟ್ ಕೂಡ ದಾಟುತ್ತದೆ. ಪೈಪ್ ಅದೇ, ಎತ್ತರ ಅದೇ. ಗೆಳೆಯರು ಸುಮ್ನಾದರು.

ಈ ನಡುವೆ ಬಾಲ್‌ಗಳನ್ನೂ ಅಕ್ಕಿ ಡಬ್ಬಿಯಲ್ಲಿಟ್ಟು ನೋಡಿದೆ. ರೆಸಿನ್ ಬಾಲ್ ತೇವ ಕುಡಿಯೋದಿಲ್ಲ, ಅಕ್ಕಿ ಧೂಳು ಒರೆಸೋದೇ ಕೆಲಸವಾಯಿತು. ಕ್ಯೂ ಕೋಲಿನ ತುದಿಗೆ ಹಚ್ಚುವ ಚಾಕ್‌ಗೆ ಮಾತ್ರ ಅಕ್ಕಿ ಡಬ್ಬಿ ಒಳ್ಳೇದು. ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚಿ "ಟೇಬಲ್ ಯಾಕೋ ಭಾರ" ಅನ್ನೋರಿಗೆ ಬಲ್ಬ್ ಬೇಡ, ಕೂಲರ್ ಆರಿಸಿದರೆ ಸಾಕು. ಪೂಲ್ ಟೇಬಲ್‌ಗೆ ಇನ್ನೂ ಕಟ್ಟಿಲ್ಲ. ಅದರ ಬಟ್ಟೆಗೆ ಸ್ನೂಕರ್ ಬಟ್ಟೆಯ ಹಾಗೆ ಜುಂಗು (ಒಂದೇ ಕಡೆ ಬಾಗಿದ ನವಿರು ಎಳೆ) ಇಲ್ಲ, ಬಾಲ್ ಒರೆಸಿ ಹಾಗೇ ದಾಟಿಸುತ್ತಿದ್ದೇನೆ.